ಬ್ರೇಕು ಹಿಡಿಯುವ ಕೈ

ಅಮೆರಿಕದ ಕಾಲೇಜುಗಳ ಸೈಕಲ್ ಸ್ಪರ್ಧೆಗಳಲ್ಲಿ ಡೌನ್‌ಹಿಲ್ ಎಂಬ ವಿಭಾಗವೊಂದಿದೆ. ಬೆಟ್ಟದ ಮೇಲಿನಿಂದ ಒಬ್ಬೊಬ್ಬರಾಗಿ ಹೊರಟು, ಬೇರು, ಬಂಡೆ, ಕೆಸರು, ಕಡಿದಾದ ತಿರುವುಗಳನ್ನು ದಾಟಿ ಕೆಲವೇ ನಿಮಿಷಗಳಲ್ಲಿ ಬುಡ ಮುಟ್ಟಬೇಕು. ಪಕ್ಕದಲ್ಲಿ ಓಡುವ ಎದುರಾಳಿ ಇಲ್ಲ, ಗಡಿಯಾರ ಮಾತ್ರ. ಕೊಲೊರಾಡೊದ ಡುರಾಂಗೊ ಊರಿನ ಫೋರ್ಟ್ ಲೂಯಿಸ್ ಕಾಲೇಜು ಈ ಆಟಕ್ಕೆ ಹೆಸರಾದದ್ದು. 1990ರಲ್ಲಿ ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅದೇ ಊರಲ್ಲಿ. ಸ್ಪರ್ಧಿಗಳು ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಇಡೀ ಮುಖ ಮುಚ್ಚುವ ಹೆಲ್ಮೆಟ್ಟು, ಮೊಣಕಾಲಿಗೆ ಕವಚ ಎಲ್ಲ ಇದ್ದರೂ ಕಾಲರ್‌ಬೋನ್ ಮುರಿಯುವುದು ಅವರ ನಡುವೆ ಸುದ್ದಿಯೇ ಅಲ್ಲ. ಓದಲೆಂದು ಕಾಲೇಜಿಗೆ ಬಂದವರು ತಮ್ಮ ದೇಹವನ್ನು ಹೀಗೆ ಪಣಕ್ಕೊಡ್ಡಬಹುದೇ? ಇದು ವಿಮೆಯ ಪ್ರಶ್ನೆ ಮಾತ್ರವಲ್ಲ. ದೇಹದ ಒಡೆತನ ಯಾರದು ಎಂಬ ಹಳೆಯ ಪ್ರಶ್ನೆ ಇದರ ಅಡಿಯಲ್ಲಿದೆ.

ನಮ್ಮಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದುಂಟು: ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣ, ಆದ್ದರಿಂದ ಅದನ್ನು ಕಾಪಾಡಿಕೊ. ದೆಹಲಿಯ ಏಮ್ಸ್ ಆಸ್ಪತ್ರೆ ಕೂಡ ಈ ಮಾತನ್ನೇ ಧ್ಯೇಯವಾಕ್ಯ ಮಾಡಿಕೊಂಡಿದೆ. ಆದರೆ ಈ ಮಾತು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಪಾರ್ವತಿ ಬೇಸಗೆಯಲ್ಲಿ ಬೆಂಕಿಗಳ ನಡುವೆ ಕೂತು, ಚಳಿಯಿರುಳಲ್ಲಿ ನೀರಲ್ಲಿ ನಿಂತು, ಉದುರಿದ ಎಲೆಯನ್ನೂ ತಿನ್ನದೆ ತಪಸ್ಸು ಮಾಡುತ್ತಿದ್ದಾಳೆ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ ಕುಶಲ ವಿಚಾರಿಸುತ್ತಾ ಈ ಮಾತು ಆಡುತ್ತಾನೆ. ಅದಕ್ಕೂ ಮೊದಲು ಅವನು ಕೇಳುವುದು, ನಿನ್ನ ಶಕ್ತಿಗೆ ತಕ್ಕಂತೆ ತಪಸ್ಸು ನಡೆಸುತ್ತಿದ್ದೀಯಾ ಎಂದು. ಧ್ಯೇಯವಾಕ್ಯದಲ್ಲಿ ಈ ಅರ್ಧ ಕಳೆದುಹೋಗಿದೆ. ಅದು ‘ಬೇಡ’ ಎನ್ನುವ ಮಾತಲ್ಲ, ಅಳತೆ ಕೇಳುವ ಮಾತು. ಪಾರ್ವತಿ ತಪಸ್ಸು ಬಿಡುವುದೂ ಇಲ್ಲ. ಕಾವ್ಯ ಗೆಲ್ಲಿಸುವುದು ಅವಳನ್ನೇ. ಹಾಗಾಗಿ ಬೆಟ್ಟದ ತುದಿಯಲ್ಲಿ ನಿಂತವರಿಗೆ ಕೇಳಬೇಕಾದ್ದೂ ಅದೇ ಅರ್ಧ: ನಿನ್ನ ಶಕ್ತಿ ನಿನಗೆ ಗೊತ್ತೇ? ಅಪಾಯ ಎಷ್ಟು ದೊಡ್ಡದು ಎಂಬುದರಿಂದ ತಪ್ಪು ಸರಿ ತೀರ್ಮಾನವಾಗದು. ಆ ಅಪಾಯದ ನಡುವೆಯೂ ನಿರ್ಧಾರ ಸವಾರನ ಕೈಯಲ್ಲೇ ಉಳಿದಿದೆಯೇ ಎಂಬುದರಿಂದ ಆಗಬೇಕು.

ಡೌನ್‌ಹಿಲ್‌ನಲ್ಲಿ ‘ಕೈಯಲ್ಲಿ’ ಎಂಬ ಮಾತಿಗೆ ಅಕ್ಷರಶಃ ಅರ್ಥವಿದೆ. ಹೊರಗಿನಿಂದ ನೋಡುವವರಿಗೆ ಇದು ಹುಚ್ಚು ವೇಗದ ಆಟ. ವೇಗವನ್ನಂತೂ ಬೆಟ್ಟವೇ ಕೊಡುತ್ತದೆ, ಅದಕ್ಕೆ ಪ್ರತಿಭೆ ಬೇಕಿಲ್ಲ, ಕಲ್ಲೂ ಉರುಳುತ್ತದೆ. ಸವಾರ ತನ್ನ ಕಡೆಯಿಂದ ಸೇರಿಸುವುದು ನಿಗ್ರಹ. ತಿರುವಿಗೆ ಮೊದಲೇ ಬ್ರೇಕು ಹಿಡಿದು, ತಿರುವಿನಲ್ಲಿ ಬಿಡಬೇಕು. ತಿರುವಿನ ನಡುವೆ ಗಾಬರಿಯಿಂದ ಹಿಡಿದರೆ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಉದ್ದಕ್ಕೂ ಹಿಡಿದೇ ಇಳಿದರೆ ಬ್ರೇಕು ಕಾದು ಸೋಲುತ್ತದೆ. ಈ ಆಟದ ತೊಟ್ಟಿಲಾದ ಓಟದ ಹೆಸರೇ ಇದಕ್ಕೆ ಸಾಕ್ಷಿ. 1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಸುಮಾರು 400 ಮೀಟರ್ ಎತ್ತರದಿಂದ ಮಣ್ಣುರಸ್ತೆಯಲ್ಲಿ ಇಳಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಅವು. ಒಂದು ಇಳಿತ ಮುಗಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಮರಳಿ ಗ್ರೀಸು ತುಂಬುವ ಆ ಕೆಲಸದಿಂದಲೇ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಹೆಸರು ಕೊಟ್ಟದ್ದು ವೇಗವಲ್ಲ, ಬ್ರೇಕು. ಇನ್ನೊಂದು ತುದಿಯ ಉದಾಹರಣೆ 2015ರದು: ಆಸ್ಟ್ರಿಯಾದ ಲಿಯೊಗಾಂಗ್ ವಿಶ್ವಕಪ್ಪಿನಲ್ಲಿ ಸವಾರ ಆರನ್ ಗ್ವಿನ್‌ನ ಚೈನು ಹೊರಟ ಕೂಡಲೇ ತುಂಡಾಯಿತು. ಪೆಡಲು ತುಳಿಯುವ ದಾರಿಯೇ ಇಲ್ಲದೆ ಇಳಿದು ಆತ ಗೆದ್ದ. ಎಲ್ಲಿ ಬ್ರೇಕು ಹಿಡಿಯಬಾರದು ಎಂಬ ವಿವೇಕ ಬಿಟ್ಟರೆ ಆ ದಿನ ಅವನ ಬಳಿ ಹೆಚ್ಚೇನೂ ಉಳಿದಿರಲಿಲ್ಲ.

ಇಷ್ಟಾದರೂ, ಪಾರ್ವತಿಯ ಎದುರಿಗೆ ಶಿವನಿದ್ದ, ಇವರ ಎದುರಿಗೆ ಇರುವುದು ಪದಕ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಸರಿಯಲ್ಲ, ಇದನ್ನು ತಪಸ್ಸು ಎಂದು ಕರೆಯುವ ಆಸೆ ನನಗಿಲ್ಲ. ಹೋಲಿಕೆ ಇರುವುದು ಗುರಿಯಲ್ಲಲ್ಲ, ಅಳತೆಯಲ್ಲಿ. ಅಲ್ಲದೆ, ಉದಾತ್ತ ಗುರಿ ಇದ್ದರೆ ಮಾತ್ರ ದೇಹವನ್ನು ಅಪಾಯಕ್ಕೆ ಒಡ್ಡಬಹುದು ಎನ್ನುವವರು ಒಂದು ಮುಜುಗರಕ್ಕೂ ಉತ್ತರ ಕೊಡಬೇಕು. ಹಗ್ಗದ ಮೇಲೆ ನಡೆದ ದೊಂಬರ ಮಕ್ಕಳನ್ನು ನಮ್ಮ ಊರುಗಳು ತಲೆಮಾರುಗಟ್ಟಲೆ ನೋಡಿವೆ. ಅವರ ದೇಹ ಯಾರದು ಎಂದು ನಾವು ಕೇಳಲಿಲ್ಲ, ತಟ್ಟೆಗೆ ಕಾಸು ಹಾಕಿದೆವು. ಹೊಟ್ಟೆಪಾಡಿನ ಅಪಾಯಕ್ಕೆ ಕಣ್ಣು ಮುಚ್ಚಿ, ತಾನೇ ಆರಿಸಿಕೊಂಡ ಅಪಾಯಕ್ಕೆ ಮಾತ್ರ ತತ್ತ್ವ ಹೇಳುವುದು ನ್ಯಾಯವಲ್ಲ. ಆಯ್ಕೆಯೇ ಮುಖ್ಯವೆಂದಾದರೆ ಈ ವಿದ್ಯಾರ್ಥಿಗಳ ಸ್ಥಿತಿಯೇ ಮೇಲು.

ಗಟ್ಟಿಯಾದ ಆಕ್ಷೇಪ ಬೇರೆಯದು. ಬಿದ್ದವನು ಒಬ್ಬನೇ ಬೀಳುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವವರು ತಾಯಿ ತಂದೆ. 1859ರಲ್ಲಿ ‘ಆನ್ ಲಿಬರ್ಟಿ’ ಬರೆದ ಜಾನ್ ಸ್ಟುವರ್ಟ್ ಮಿಲ್ ತನಗೆ ತಾನು ಮಾಡಿಕೊಳ್ಳುವ ಹಾನಿಯನ್ನು ಸಮಾಜ ತಡೆಯಬಾರದು ಎಂದರೂ, ಇನ್ನೊಬ್ಬರಿಗೆ ಸಲ್ಲಬೇಕಾದ ನಿರ್ದಿಷ್ಟ ಕರ್ತವ್ಯ ಮುರಿದರೆ ಅದು ಖಾಸಗಿ ವಿಷಯವಾಗಿ ಉಳಿಯದು ಎಂದು ಒಪ್ಪಿದ್ದ. ನಮ್ಮ ಪರಂಪರೆಯಂತೂ ಮನುಷ್ಯ ಹುಟ್ಟುವಾಗಲೇ ಋಣ ಹೊತ್ತು ಬರುತ್ತಾನೆ ಎನ್ನುತ್ತದೆ. ಈ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಅದರಿಂದ ತೆಗೆಯುವ ತೀರ್ಮಾನವನ್ನಲ್ಲ. ಸಾಲ ಇದ್ದ ಮಾತ್ರಕ್ಕೆ ರೈತನ ಹೊಲ ಪರರದಾಗುವುದಿಲ್ಲ. ಅವನು ಆ ಹೊಲವನ್ನು ಜೂಜಿಗೆ ಇಡುವಂತಿಲ್ಲ, ನಿಜ. ಮಳೆ ನಂಬಿ ಬಿತ್ತಲೇಬಾರದು ಎಂದು ಮಾತ್ರ ಯಾರೂ ಹೇಳರು. ಎರಡರಲ್ಲೂ ಕಳೆದುಕೊಳ್ಳುವ ಸಾಧ್ಯತೆ ಇದೆ. ಜೂಜಿನಲ್ಲಿ ದಾಳ ಬಿದ್ದ ಮೇಲೆ ಕೈಗೆ ಕೆಲಸವಿಲ್ಲ. ಬೇಸಾಯದಲ್ಲಿ ನೆಲ ತಿಳಿಯುವುದು, ಹದ ಕಾಯುವುದು, ಬೇಡವೆನಿಸಿದರೆ ಆ ವರ್ಷ ಬಿತ್ತದೆ ಬಿಡುವುದು ಎಲ್ಲ ಉಂಟು. ಓಟಕ್ಕೆ ಮೊದಲು ಸವಾರರು ಇಡೀ ಹಾದಿಯನ್ನು ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರುತ್ತಾರೆ, ಅಭ್ಯಾಸದ ಸುತ್ತು ಹಾಕುತ್ತಾರೆ. ಅಲ್ಲಿಯವರೆಗೆ ಇದು ಬಿತ್ತನೆಯ ಸಾಲಿಗೆ ಸೇರಿದ್ದು. ಹಾದಿ ನೋಡದೆ, ಕಾಲು ಹರಿದಂತೆ ಇಳಿದವನು ಜೂಜುಗಾರನೇ, ಗೆದ್ದು ಬಂದರೂ.

ನನ್ನ ವಾದಕ್ಕೆ ನಿಜವಾದ ತೊಡಕು ಇರುವುದು ಬಂಡೆಗಳಲ್ಲಲ್ಲ, ಕಾಲೇಜಿನಲ್ಲೇ. ಅಲ್ಲಿನ ಸ್ಪರ್ಧೆಯಲ್ಲಿ ಒಬ್ಬೊಬ್ಬರ ಸ್ಥಾನಕ್ಕೆ ಸಿಗುವ ಅಂಕ ತಂಡದ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಮಳೆ ಬಿದ್ದು ಬೇರುಗಳು ಸಾಬೂನಿನಂತಾದ ಬೆಳಗ್ಗೆ, ಇವತ್ತು ನನ್ನಿಂದಾಗದು ಎಂದು ಒಬ್ಬಳಿಗೆ ಅನ್ನಿಸಿದರೆ, ಅವಳು ಬಿಡುವುದು ತನ್ನ ಪದಕವನ್ನಷ್ಟೇ ಅಲ್ಲ, ಗೆಳೆಯರ ಅಂಕವನ್ನೂ. ಹತ್ತೊಂಬತ್ತರ ವಯಸ್ಸಿನಲ್ಲಿ ಎಲುಬು ಮುರಿಯುವ ಭಯಕ್ಕಿಂತ ನಾಚಿಕೆಯ ಭಯ ದೊಡ್ಡದು. ಒತ್ತಾಯಿಸುವ ಒಂದು ಮಾತೂ ಇಲ್ಲದೆ ನಿರ್ಧಾರ ಅವಳ ಕೈ ಜಾರಿರುತ್ತದೆ. ಶಕ್ತಿಗೆ ತಕ್ಕಂತೆಯೇ ಎಂಬ ಪ್ರಶ್ನೆ ಆಗ ಅವಳಿಗೆ ಮಾತ್ರವಲ್ಲ, ತಂಡಕ್ಕೂ ತರಬೇತುದಾರರಿಗೂ ಕೇಳಬೇಕಾದದ್ದು. ಓಟ ಮುಗಿದ ಮೇಲೆ ಅಂಟಿಸುವ ಫಲಿತಾಂಶದ ಹಾಳೆಯ ಕೆಳತುದಿಯಲ್ಲಿ ಕೆಲವು ಹೆಸರುಗಳ ಮುಂದೆ ಸಮಯದ ಬದಲು ‘ಡಿಎನ್‌ಎಸ್’ ಎಂದಿರುತ್ತದೆ, ಹೊರಡಲೇ ಇಲ್ಲ ಎಂದು. ಆ ಹೆಸರಿನ ಹುಡುಗಿ ಸಂಜೆ ಊಟಕ್ಕೆ ಬಂದಾಗ ತಂಡದವರು ಮೇಜಿನಲ್ಲಿ ಸರಿದು ಜಾಗ ಕೊಡುತ್ತಾರೋ ಇಲ್ಲವೋ ನೋಡಿದರೆ, ಆ ಕಾಲೇಜಿನಲ್ಲಿ ಬ್ರೇಕು ಯಾರ ಕೈಯಲ್ಲಿದೆ ಎಂದು ತಿಳಿಯುತ್ತದೆ.