ಪರದೇಶಿಯ ಋಣ

ಪಾವಗಡ ತುಮಕೂರು ಜಿಲ್ಲೆಯ ತಾಲೂಕು. ಆದರೆ ಜಿಲ್ಲೆಯ ಉಳಿದ ಭಾಗಕ್ಕೂ ಅದಕ್ಕೂ ನೆಲದ ನಂಟಿಲ್ಲ. ಹೆಚ್ಚಿನ ಕಡೆ ಅದನ್ನು ಆಂಧ್ರ ಸುತ್ತುವರಿದಿದೆ. ಮಧುಗಿರಿ ದಾರಿಯಾಗಿ ಜಿಲ್ಲಾ ಕೇಂದ್ರಕ್ಕೆ ಹೊರಟವರು ನಡುವೆ ಆಂಧ್ರದ ನೆಲವನ್ನು ಹಾದೇ ಹೋಗಬೇಕು. ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮುಸ್ಲಿಮರ ಮನೆಗಳಲ್ಲಿ ಉರ್ದು. ಇಂತಹ ಊರಿನಿಂದ ಮಕ್ಕಳು ಓದಲೆಂದು ವಿದೇಶಕ್ಕೆ ಹೊರಟಾಗ ಮನೆಯವರು ಊಟ, ಚಳಿ, ಸಾಲ, ನಮಾಝ್‌ಗಳ ಬಗ್ಗೆ ಚಿಂತಿಸುತ್ತಾರೆ. ಇದು ಸಹಜವೇ. ಆದರೆ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಅನ್ಯ ನಾಡಿನಲ್ಲಿ ಬದುಕಿ ಬಂದವರ ಹೆಗಲ ಮೇಲೆ ಪದವಿಯ ಜೊತೆಗೆ ಬರುವ ಹೊಣೆ ಯಾವುದು?

ಊರಿನಲ್ಲಿ ಎಷ್ಟೇ ಅನುಕೂಲಸ್ಥರ ಮಗನಾಗಿದ್ದರೂ ಹೊಸ ದೇಶದಲ್ಲಿ ವಿದ್ಯಾರ್ಥಿ ಒಂದು ಬಗೆಯ ಬಡವನೇ. ಬಸ್ಸಿನ ದಾರಿಯನ್ನು ಕೇಳಿ ತಿಳಿಯಬೇಕು. ಬಾಡಿಗೆ ಕೋಣೆಗಾಗಿ ತನ್ನ ಯೋಗ್ಯತೆಯನ್ನು ಕಾಗದಗಳಲ್ಲಿ ಸಾಬೀತುಪಡಿಸಬೇಕು. ತನ್ನ ಹೆಸರನ್ನು ದಿನಕ್ಕೆ ಹತ್ತು ಸಲ ಬಿಡಿಸಿ ಹೇಳಬೇಕು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಪವಿತ್ರ ಕುರ್‌ಆನ್ (9:60) ದಾರಿಹೋಕನನ್ನೂ ಸೇರಿಸಿದೆ. ಅವನನ್ನು ಕರೆಯುವುದು 'ಇಬ್ನುಸ್ಸಬೀಲ್', ಅಂದರೆ ದಾರಿಯ ಮಗ ಎಂದು. ಸ್ವಂತ ಊರಿನಲ್ಲಿ ಸಿರಿವಂತನಾಗಿದ್ದರೂ ದಾರಿಯಲ್ಲಿ ಕೈ ಬರಿದಾದವನು ನೆರವಿಗೆ ಹಕ್ಕುದಾರ ಎನ್ನುತ್ತಾರೆ ವಿದ್ವಾಂಸರು. ಪರಿಚಯವಿಲ್ಲದಿರುವುದೂ ಒಂದು ಬಡತನವೆಂಬುದನ್ನು ಧರ್ಮ ಅಂದೇ ಗುರುತಿಸಿತ್ತು.

ಹೊಸ ನಾಡನ್ನು ನೋಡುವುದಕ್ಕೂ ಒಂದು ನೀತಿಯಿದೆ. 1325ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೊದ ತಾಂಜೀರ್ ಬಿಟ್ಟ ಇಬ್ನ್ ಬತೂತಾ ಮುಂದೆ ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಗಂಡು ಮಕ್ಕಳಿಗೆ 23, ಹೆಣ್ಣು ಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡು, ಇಂತಹದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದು ದಾಖಲಿಸಿದ. ತನ್ನ ಊರೇ ಶ್ರೇಷ್ಠವೆಂದು ಕಣ್ಣು ಮುಚ್ಚಿಕೊಂಡು ನಡೆದಿದ್ದರೆ ಅವನಿಗೆ ಆ ಶಾಲೆಗಳು ಕಾಣುತ್ತಿರಲಿಲ್ಲ. ಜನರನ್ನು ಬೇರೆ ಬೇರೆ ಜನಾಂಗ, ಗೋತ್ರಗಳನ್ನಾಗಿ ಮಾಡಿರುವುದು ಪರಸ್ಪರ ಅರಿಯಲೆಂದು ಎಂಬುದು ಕುರ್‌ಆನಿನ (49:13) ಆಶಯ. ಪ್ರವಾಸಿ ತಾಣಗಳಲ್ಲಿ ಫೋಟೊ ತೆಗೆಸಿಕೊಂಡ ಮಾತ್ರಕ್ಕೆ ಈ ಅರಿವು ಬರುವುದಿಲ್ಲ. ಆ ನಾಡಿನವರಿಂದ ಕಲಿಯುವ ಮನಸ್ಸು ಬೇಕು.

ಅಪರಿಚಿತರ ಕೃಪೆ ಎಂದರೇನೆಂಬುದನ್ನು ಕರ್ನಾಟಕದ ಮಕ್ಕಳು ಇತ್ತೀಚೆಗಷ್ಟೇ ಕಂಡಿದ್ದಾರೆ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ಭರಿಸಲಾಗದ ಅನೇಕರು ಉಕ್ರೇನಿಗೆ ಓದಲು ಹೋಗಿದ್ದರು. 2022ರ ಫೆಬ್ರವರಿ 24ರಂದು ಯುದ್ಧ ಬಂದೆರಗಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಗಡಿಯಲ್ಲಿ ತಮ್ಮನ್ನು ತಡೆದು ನಿಲ್ಲಿಸಿದರೆಂದು ಕೆಲವು ವಿದ್ಯಾರ್ಥಿಗಳು ದೂರಿದ್ದೂ ಉಂಟು. ಆದರೆ ಗಡಿಯಾಚೆಗೆ ಪೋಲೆಂಡ್, ರೊಮೇನಿಯಾಗಳ ಸಾಮಾನ್ಯ ಜನ ಊಟ, ಹೊದಿಕೆ ಹಿಡಿದು ಬಂದು ತಂಗಲು ಜಾಗ ಕೊಟ್ಟರು. ಆ ಋಣವನ್ನು ತೀರಿಸುವುದು ಯಾರಿಗೆ? ರೊಮೇನಿಯಾದ ತಾಯಿಯೊಬ್ಬಳ ಮನೆ ಹುಡುಕಿ ಹೋಗುವುದು ಬಹಳ ಮಂದಿಗೆ ಆಗದ ಮಾತು. ಹಾಗಾದರೆ ಆ ಋಣ ಸಲ್ಲಬೇಕಾದದ್ದು ನಮ್ಮ ಊರಿಗೆ ಬಂದ ಅಪರಿಚಿತನಿಗೆ.

ಇದು ಸುಲಭವಲ್ಲವೆಂಬುದಕ್ಕೆ ಅಂಬೇಡ್ಕರರ ಬದುಕೇ ಸಾಕ್ಷಿ. 1913ರಲ್ಲಿ ಬರೋಡ ಮಹಾರಾಜರ ನೆರವಿನಿಂದ ಅಮೆರಿಕಕ್ಕೆ ಹೋದ ಅವರು ಅಲ್ಲಿಯೂ ಲಂಡನ್ನಿನಲ್ಲಿಯೂ ಓದಿ 1917ರಲ್ಲಿ ಮರಳಿದರು. ತಾನು ಅಸ್ಪೃಶ್ಯನೆಂಬ ಭಾವನೆಯೇ ಆ ವರ್ಷಗಳಲ್ಲಿ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರು ಬರೆದಿದ್ದಾರೆ. ಬರೋಡದಲ್ಲಿ ಕೆಲಸವಿತ್ತು, ತಂಗಲು ಜಾಗವಿರಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಹಿಂದೂ ಗೆಳೆಯನೂ ಕ್ರೈಸ್ತ ಗೆಳೆಯನೂ ಆಶ್ರಯ ಕೊಡಲಾಗದೆಂದರು. ಸಾರ್ವಜನಿಕ ತೋಟವೊಂದರಲ್ಲಿ ಕುಳಿತು ಹೊತ್ತು ಕಳೆದು ಮುಂಬಯಿಯ ರೈಲು ಹತ್ತಿದರು. ಸಾವಿರಾರು ಮೈಲು ದೂರದಲ್ಲಿ ಮನುಷ್ಯನಾಗಿದ್ದವರು ಸ್ವಂತ ನೆಲದಲ್ಲಿ ಪರದೇಶಿಯಾದರು.

ಇಂದಿಗೂ ದೊಡ್ಡ ಪಟ್ಟಣಗಳಲ್ಲಿ ಹೆಸರು ಕೇಳಿದೊಡನೆ ಬಾಡಿಗೆ ಮನೆ 'ಬೇರೆಯವರಿಗೆ ಕೊಟ್ಟಾಯಿತು' ಎಂಬ ಉತ್ತರ ಬರುವುದುಂಟು. ಮನೆ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನಿಷ್ಟ ಎನ್ನುವವರಿದ್ದಾರೆ. ಬಾಡಿಗೆ ಕಟ್ಟದವರನ್ನು, ನೆರೆಯವರಿಗೆ ತೊಂದರೆ ಕೊಡುವವರನ್ನು ಬೇಡವೆನ್ನುವ ಹಕ್ಕು ಮಾಲೀಕನಿಗೆ ಇರಲಿ. ಆದರೆ ಹೆಸರು, ಜಾತಿ, ಧರ್ಮಗಳಿಗಾಗಿ ಬಾಗಿಲು ಮುಚ್ಚುವವನು, ತನ್ನ ಮಗನಿಗೆ ಅನ್ಯ ದೇಶದಲ್ಲಿ ಬಾಗಿಲು ತೆರೆಯಲಿ ಎಂದು ಯಾವ ಬಾಯಿಂದ ಪ್ರಾರ್ಥಿಸಬೇಕು?

ಈ ಪ್ರಶ್ನೆ ಮುಸ್ಲಿಮರಿಗೂ ಅನ್ವಯಿಸುತ್ತದೆ. ಬಿಹಾರದಿಂದ, ಅಸ್ಸಾಮಿನಿಂದ ದುಡಿಯಲು ಬಂದವನು ಮಸೀದಿಯ ಸಾಲಿನಲ್ಲಿ ನಮ್ಮ ಪಕ್ಕವೇ ನಿಲ್ಲುತ್ತಾನೆ. ನಮಾಝ್ ಮುಗಿದ ಮೇಲೆ ಅವನ ಹೆಸರು ಕೇಳುವವರೆಷ್ಟು? ಮುಸ್ಲಿಮೇತರ ಕಾರ್ಮಿಕ ಮೊಹಲ್ಲಾದಲ್ಲಿ ಕೋಣೆ ಕೇಳಿದರೆ ನಮ್ಮ ಉತ್ತರವೇನು? ಬರ ಬಂದಾಗ ಗುಳೆ ಹೊರಟು ಬೆಂಗಳೂರಿನಲ್ಲಿ ನೆಲೆ ಹುಡುಕುವ ನೋವು ಪಾವಗಡದವರಿಗೆ ಹೊಸತಲ್ಲ. ಅದೇ ತಾಲೂಕಿನ ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯ ಸೌರ ಪಾರ್ಕಿನ ಕೆಲಸಕ್ಕೆ ಹೊರಗಿನವರೂ ಬಂದರು. ನಿನ್ನೆ ವಲಸೆ ಹೋದವನ ಊರಿಗೆ ಇಂದು ಇನ್ನೊಬ್ಬ ವಲಸಿಗ ಬರುತ್ತಾನೆ.

ಆದ್ದರಿಂದ ವಿದೇಶಕ್ಕೆ ಹೊರಟ ಮಕ್ಕಳಿಗೆ ನಾವು ಹೇಳಬೇಕಾದದ್ದು ಇಷ್ಟು. ಹೋದ ನಾಡಿನ ಭಾಷೆ ಕಲಿಯಿರಿ, ಕಾನೂನು ಪಾಲಿಸಿರಿ, ಅಲ್ಲಿನ ಒಳಿತನ್ನು ಹೊಟ್ಟೆಕಿಚ್ಚಿಲ್ಲದೆ ಮೆಚ್ಚಿರಿ. ಮೊದಲ ದಿನ ನಿಮಗೆ ದಾರಿ ತೋರಿಸಿದವರ ಮುಖವನ್ನು ಮರೆಯದಿರಿ. ಒಂಟಿತನದ ಆ ದಿನಗಳು ನಿಮ್ಮಲ್ಲಿಟ್ಟ ಅಮಾನತ್. ಊರಿಗೆ ಮರಳಿದ ಮೇಲೆ, ವಿಳಾಸದ ಚೀಟಿ ಹಿಡಿದು ನಿಮ್ಮ ಬಾಗಿಲಲ್ಲಿ ನಿಂತವನಿಗೆ ಅದನ್ನು ಒಪ್ಪಿಸಿರಿ.