ಅರಿವಿನ ದೀಪ, ಆಚಾರದ ದರ್ಪಣ



ಅರಿವು ಹಿರಿದೋ ಆಚಾರ ಹಿರಿದೋ ಎಂದು ಭಕ್ತರು ಆಗಾಗ ಕೇಳುವುದುಂಟು. ಇರುಳಿನಲ್ಲಿ ಸಾಗುವ ಮೋಟಾರಿನ ಮುಂದಿನ ದೀಪವನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಅದರೊಳಗಿರುವುದು ಒಂದು ಸಣ್ಣ ಬಲ್ಬು. ಅದರ ತಂತಿ ಕಾದು ಬೆಳಗಿದಾಗ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ಅಷ್ಟರಿಂದಲೇ ದಾರಿ ಕಾಣದು. ಬಲ್ಬಿನ ಹಿಂದೆ ಅಲ್ಯುಮಿನಿಯಂ ಲೇಪವುಳ್ಳ ಬಟ್ಟಲಿನಂತಹ ಪ್ರತಿಫಲಕವಿದೆ. ಪರವಲಯಾಕಾರದ ಆ ಬಟ್ಟಲಿಗೆ ನಾಭಿಯೆಂಬ ಬಿಂದುವುಂಟು. ತಂತಿಯು ಅಲ್ಲಿ ನೆಲೆಸಿದರೆ ಬಟ್ಟಲಿಗೆ ತಾಗಿದ ಕಿರಣಗಳೆಲ್ಲ ಸಮಾಂತರವಾಗಿ ಹೊರಟು ದೂರದ ದಾರಿಯನ್ನು ತೋರುತ್ತವೆ. ಒಂದೆರಡು ಮಿಲಿಮೀಟರು ಕದಲಿದರೂ ಬೆಳಕಿನ ಗುರಿ ತಪ್ಪುತ್ತದೆ.

ಬಲ್ಬು ಅರಿವಿನಂತೆ, ಪ್ರತಿಫಲಕವು ಆಚಾರದಂತೆ. ಪ್ರತಿಫಲಕವು ಬೆಳಕನ್ನು ಹುಟ್ಟಿಸಲಾರದು. ಬಲ್ಬು ತನ್ನ ಬೆಳಕಿಗೆ ದಿಕ್ಕನ್ನು ಕೊಡಲಾರದು. ಅರಿವಿಲ್ಲದ ಆಚಾರ ಕತ್ತಲೆಯಲ್ಲಿಟ್ಟ ಕನ್ನಡಿ. ಆಚಾರವಿಲ್ಲದ ಅರಿವು ಚೆದರಿಹೋದ ಬೆಳಕು. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನೂ ಮನವನ್ನೂ ನೆಲೆಗೊಳಿಸುವ ಸಾಧನೆಯು ತಂತಿಯನ್ನು ನಾಭಿಯಲ್ಲಿ ನಿಲ್ಲಿಸುವಂತಹುದು. ಪ್ರತಿಫಲಕದ ಲೇಪ ಮಾಸಿದ್ದರೆ ಹೊಸ ಬಲ್ಬು ಹಾಕಿಯೂ ಫಲವಿಲ್ಲ. ನಡೆಯ ಮಾಸಲನ್ನು ತೊಳೆಯದೆ ಎಷ್ಟು ವಚನಗಳನ್ನು ಬಾಯಿಪಾಠ ಮಾಡಿದರೇನು?

ಇನ್ನೊಂದು ಮರ್ಮವುಂಟು. 1971ರಲ್ಲಿ ಬಳಕೆಗೆ ಬಂದ ಎಚ್-4 ಎಂಬ ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತಿಗಳಿವೆ. 12 ವೋಲ್ಟಿನ ಬಲ್ಬಿನಲ್ಲಿ ಒಂದು 60 ವಾಟಿನದು, ಇನ್ನೊಂದು 55 ವಾಟಿನದು. ಮೊದಲನೆಯದು ದೂರಕ್ಕೆ ಬೆಳಗುತ್ತದೆ. ಎರಡನೆಯದು ನಾಭಿಗಿಂತ ತುಸು ಮುಂದಿದ್ದು, ಅದರ ಕೆಳಗೆ ಲೋಹದ ಸಣ್ಣ ಮರೆಯಿದೆ. ಆದುದರಿಂದ ಬೆಳಕು ಪ್ರತಿಫಲಕದ ಮೇಲಿನ ಭಾಗಕ್ಕೆ ಮಾತ್ರ ತಾಗಿ ನೆಲದತ್ತ ಬಾಗುತ್ತದೆ. ಎದುರಿನಿಂದ ಬರುವವನ ಕಣ್ಣು ಕುಕ್ಕದಿರಲೆಂದೇ ಈ ಏರ್ಪಾಡು.

ಇಂದು ಕೆಲವರು ಹ್ಯಾಲೊಜೆನ್ ಬಲ್ಬಿಗೆಂದು ರೂಪಿಸಿದ ಪ್ರತಿಫಲಕದಲ್ಲಿ ಎಲ್‌ಇಡಿ ಬಲ್ಬನ್ನು ತೂರಿಸಿ, ತಮ್ಮ ದೀಪ ಪ್ರಖರವಾಯಿತೆಂದು ಹಿಗ್ಗುತ್ತಾರೆ. ಬೆಳಗುವ ಬಿಂದುವು ತಂತಿಯಿದ್ದ ಠಾವಿಗೆ ಸರಿಹೊಂದದಿದ್ದರೆ ಬೆಳಕು ಅಡ್ಡಾದಿಡ್ಡಿಯಾಗಿ ಮೇಲೇಳುತ್ತದೆ. ಎದುರಿನ ಸವಾರನಿಗೆ ಕ್ಷಣಕಾಲ ಕಣ್ಣು ಕಾಣದು. ಆ ಕ್ಷಣದಲ್ಲಿ ರಸ್ತೆಯಂಚಿನಲ್ಲಿ ನಡೆದು ಹೋಗುವ ಬಡವನ ಪ್ರಾಣವೇ ಹೋಗಬಹುದು. ಮನೆಮಂದಿಯ ಮೇಲೆ, ಆಳುಕಾಳುಗಳ ಮೇಲೆ, ಹೊಸದಾಗಿ ಬಂದ ಭಕ್ತನ ಮೇಲೆ ನಮ್ಮ ಪಾಂಡಿತ್ಯವನ್ನು ಎರಚಿದಾಗ ಆಗುವುದೂ ಇಂತಹುದೇ. ಅವರಿಗೆ ದಾರಿ ಕಾಣದು, ನಮ್ಮ ಪ್ರಖರತೆಯಷ್ಟೇ ಕಾಣುತ್ತದೆ.

ಬಸವಣ್ಣನವರು ಶರಣರ ಮುಂದೆ ತಮ್ಮನ್ನು ಕಿರಿಯರೆಂದು ಕರೆದುಕೊಂಡರು. ಬಾಗಿದುದರಿಂದ ಅವರ ಬೆಳಕು ಕುಂದಲಿಲ್ಲ. ಅರಿವನ್ನು ಲಿಂಗದಲ್ಲಿ ನೆಲೆಗೊಳಿಸಿರಿ, ಆಚಾರವನ್ನು ಅನುದಿನವೂ ಶುಚಿಯಾಗಿರಿಸಿರಿ, ಎದುರು ಬಂದವರಿಗೆ ಬಾಗಿ ಬೆಳಗಿರಿ.