ಮನೋವ್ಯಥೆಗೆ ಪೂಜೆಯೋ, ಚಿಕಿತ್ಸೆಯೋ?

ದೇಹಕ್ಕೆ ಜ್ವರ ಬಂದಾಗ ವೈದ್ಯನನ್ನು ಕರೆಯಲು ನಾವಾರೂ ಸಂಕೋಚಪಡುವುದಿಲ್ಲ. ಲಿಂಗನಿಷ್ಠನಾದವನೂ ಕಾಲು ಮುರಿದರೆ ಎಲುಬು ಕೂಡಿಸುವವನ ಬಳಿಗೆ ಹೋಗುತ್ತಾನೆ. ಅದರಿಂದ ಅವನ ನಿಷ್ಠೆಗೆ ಕುಂದುಂಟಾಯಿತೆಂದು ಯಾರೂ ಭಾವಿಸರು. ಆದರೆ ಮನಸ್ಸು ಮುರಿದಾಗ ಮಾತ್ರ ನಮ್ಮ ಮನೆಗಳಲ್ಲಿ ಬೇರೊಂದು ಮಾತು ಕೇಳಿಬರುತ್ತದೆ: “ಭಕ್ತಿ ಸಾಲದು, ಪೂಜೆ ಹೆಚ್ಚಿಸು, ಎಲ್ಲವೂ ಸರಿಹೋದೀತು.” ಈ ಮಾತಿನಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದುದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪುತ್ರಶೋಕದಿಂದ ಬೆಂದು ನನ್ನ ಬಳಿಗೆ ಬಂದನು. “ಗುರುಗಳೇ, ರಾತ್ರಿ ನಿದ್ರೆಯಿಲ್ಲ, ಅನ್ನ ಸೇರದು, ಹೊಲದ ಕಡೆಗೆ ಕಾಲೇಳದು” ಎಂದನು. ನಾನು ಸಂಸಾರದ ಅನಿತ್ಯತೆಯನ್ನು ಕುರಿತು ಅರ್ಧ ಗಂಟೆ ಉಪದೇಶಿಸಿ, “ತ್ರಿಕಾಲ ಲಿಂಗಪೂಜೆ ಮಾಡಪ್ಪಾ” ಎಂದು ಕಳುಹಿಸಿಕೊಟ್ಟೆನು. ಅವನು ಹಾಗೆಯೇ ನಡೆದನು. ಆರು ತಿಂಗಳ ಮೇಲೆ ಅವನ ಹೆಂಡತಿ ಬಂದು, “ಪೂಜೆಗೆ ಕುಳಿತರೆ ಏಳುವುದೇ ಇಲ್ಲ ಗುರುಗಳೇ. ಮಗನ ಹೆಸರೆತ್ತಿದರೆ ಎದ್ದುಹೋಗುತ್ತಾರೆ. ನಾನೊಬ್ಬಳೇ ಅಳಬೇಕಾಗಿದೆ” ಎಂದು ಕಣ್ಣೀರಿಟ್ಟಳು. ಪೂಜೆಯು ಅವನಿಗೆ ದುಃಖವನ್ನು ಮುಚ್ಚಿಡುವ ಮರೆಯಾಗಿತ್ತು; ಆ ಮರೆಯನ್ನು ಕಟ್ಟಿಕೊಟ್ಟವನು ನಾನಾಗಿದ್ದೆನು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ ಎಂಬವರು ಇಂತಹ ಪ್ರವೃತ್ತಿಗೆ 1984ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಸಾಧನೆಯ ನೆಪದಿಂದ ಮನಸ್ಸಿನ ಹಸಿಗಾಯವನ್ನು ಮುಟ್ಟದೆ ಬಳಸಿ ಹೋಗುವ ಸುತ್ತುದಾರಿ ಎಂಬುದು ಆ ಹೆಸರಿನ ತಾತ್ಪರ್ಯ. ಈ ದಾರಿ ಹಿಡಿದವನು ಕಪಟಿಯಲ್ಲ, ನೋವನ್ನು ನೋಡಲಾರದವನು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: “ಮನಸ್ಸಿಗೆ ಚಿಕಿತ್ಸೆಯೆಂಬುದು ಪರದೇಶದ ಕಲ್ಪನೆ, ನಮಗೆ ಗುರೂಪದೇಶವೇ ಸಾಕು.” ಈ ಪೂರ್ವಪಕ್ಷವು ನಿಲ್ಲಲಾರದು. ಚರಕಸಂಹಿತೆಯ ಸೂತ್ರಸ್ಥಾನವು ಔಷಧವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮಂತ್ರ, ಪೂಜೆ, ವ್ರತಾದಿಗಳು ದೈವವ್ಯಪಾಶ್ರಯ. ಆಹಾರ ಮತ್ತು ಔಷಧದ್ರವ್ಯಗಳ ಯೋಜನೆ ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ನಿಗ್ರಹಿಸುವುದು ಸತ್ತ್ವಾವಜಯ. ಪೂಜೆಯನ್ನು ಒಪ್ಪಿದ ಆಚಾರ್ಯರೇ ಅದು ಉಳಿದೆರಡರ ಕೆಲಸವನ್ನೂ ಮಾಡುತ್ತದೆಂದು ಹೇಳಲಿಲ್ಲ. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿಯೂ ವೈದ್ಯವೃತ್ತಿಯ ಸಂಗಣ್ಣನಿದ್ದನು. ವೈದ್ಯ ಸಂಗಣ್ಣನೆಂದೇ ಪ್ರಸಿದ್ಧನಾದ ಆತನು ವಚನಕಾರನೂ ಹೌದು. ಲಿಂಗವನ್ನು ನಂಬಿದವರಿಗೆ ವೈದ್ಯನು ಬೇಡವೆಂದಾಗಿದ್ದರೆ, ಆ ಕಾಯಕಕ್ಕೆ ಅಲ್ಲಿ ಮನ್ನಣೆಯೇ ಇರುತ್ತಿರಲಿಲ್ಲ.

ಇನ್ನು ಮನಶ್ಚಿಕಿತ್ಸೆಯ ಮುಖ್ಯ ಸಾಧನವಾದರೂ ಏನು? ಮಾತು, ಮತ್ತು ಆ ಮಾತನ್ನು ತಾಳ್ಮೆಯಿಂದ ಕೇಳುವ ಕಿವಿ. ವಿಯೆನ್ನಾ ನಗರದ ವೈದ್ಯ ಬ್ರಾಯರ್ ಅವರು, ಮುಚ್ಚಿಟ್ಟ ನೆನಪುಗಳನ್ನು ಬಾಯ್ಬಿಟ್ಟು ಹೇಳಿದಾಗ ರೋಗಿಯೊಬ್ಬಳ ಬಾಧೆ ಹಗುರವಾಗುವುದನ್ನು ಕಂಡರು. ಆಕೆಯೇ ಅದನ್ನು ಮಾತಿನ ಚಿಕಿತ್ಸೆಯೆಂದು ಕರೆದಳು. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ 1895ರಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದರು. ವಚನಗಳನ್ನು ಓದಿದವರಿಗೆ ಇದು ತೀರ ಅಪರಿಚಿತವೆನಿಸದು. ಬಸವಣ್ಣನವರು ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಅಳುಕನ್ನೂ ಕೂಡಲಸಂಗಮದೇವನ ಮುಂದೆ ಮರೆಮಾಚದೆ ತೋಡಿಕೊಂಡರು. ಅನುಭವಗೋಷ್ಠಿಯಲ್ಲಿ ಒಬ್ಬರ ನುಡಿಯನ್ನು ಮತ್ತೊಬ್ಬರು ಕೇಳಿದರು. ಮನೋವೈದ್ಯರೂ ಪಂಜಾಬಿ ಕವಿಗಳೂ ಆಗಿದ್ದ ಜಸ್ವಂತ ಸಿಂಗ್ ನೇಕಿಯವರು, ಗುರುಶಿಷ್ಯ ಸಂಬಂಧವು ಭಾರತೀಯರ ಮನಶ್ಚಿಕಿತ್ಸೆಗೆ ಮಾದರಿಯಾಗಬಲ್ಲುದೆಂದು 1973ರಲ್ಲಿ ಪ್ರತಿಪಾದಿಸಿದ್ದರು. ಆದರೆ ಗುರುವು ಹೇಳುವವನು ಮಾತ್ರವಲ್ಲ, ಕೇಳುವವನೂ ಆಗಿರಬೇಕು. ಅಂದು ನಾನು ಆ ತಂದೆಗೆ ಹೇಳಿದೆನೇ ಹೊರತು ಅವನ ಮಗನ ಹೆಸರನ್ನೂ ಕೇಳಲಿಲ್ಲ.

ಹಾಗೆಂದು ಚಿಕಿತ್ಸೆಯೇ ಸರ್ವಸ್ವವೆಂದು ತಿಳಿಯುವುದೂ ಯುಕ್ತವಲ್ಲ. ಔಷಧವು ನಿದ್ರೆಯನ್ನು ತರಬಲ್ಲುದು. ಎದ್ದ ಮೇಲೆ ಯಾವುದಕ್ಕಾಗಿ ಬಾಳಬೇಕೆಂಬುದನ್ನು ಅದು ಹೇಳಲಾರದು. ನಾಜಿಗಳ ಸೆರೆಶಿಬಿರಗಳಲ್ಲಿ ಬಳಲಿ ಬದುಕುಳಿದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರು, 1946ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಬಾಳಿಗೊಂದು ಅರ್ಥವನ್ನು ಕಂಡುಕೊಳ್ಳುವುದು ಮನುಷ್ಯನ ಮೂಲಭೂತ ಅಗತ್ಯವೆಂದು ವಿವರಿಸಿದರು. ಆ ಅರ್ಥವನ್ನು ನಮಗೆ ಕಾಯಕ, ದಾಸೋಹ, ಸತ್ಸಂಗಗಳು ಒದಗಿಸುತ್ತವೆ. ಕರಸ್ಥಲದ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದವನಿಗೆ ದೊರೆಯುವ ನೆಲೆಯನ್ನು ವೈದ್ಯನು ಕೊಡಲಾರನು. ಕೊಡುವೆನೆಂದು ಒಳ್ಳೆಯ ವೈದ್ಯನು ಹೇಳುವುದೂ ಇಲ್ಲ. ಚಿಕಿತ್ಸಕನು ಗುರುವಿನ ಪೀಠವನ್ನೇರಬಾರದು, ಗುರುವು ಔಷಧವನ್ನು ಬಿಡಿಸಬಾರದು. ಇಬ್ಬರೂ ತಮ್ಮ ಎಲ್ಲೆಯನ್ನರಿತಲ್ಲಿ ರೋಗಿಗೆ ಹಿತವುಂಟು.

ನನ್ನ ವಿದ್ಯಾರ್ಥಿಯನ್ನು ಕೊನೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದೊಯ್ದೆವು. ಅವರು ಪೂಜೆಯನ್ನು ಬಿಡಿಸಲಿಲ್ಲ. ಔಷಧವನ್ನು ಕೊಟ್ಟು, ವಾರವಾರವೂ ದಂಪತಿಗಳಿಬ್ಬರನ್ನೂ ಕೂರಿಸಿ ಮಾತನಾಡಿಸಿದರು. ಮೂರನೆಯ ತಿಂಗಳಲ್ಲಿ ಅವನು ಹೆಂಡತಿಯ ಎದುರಿನಲ್ಲಿ ಮಗನ ಹೆಸರು ಹಿಡಿದು ಅತ್ತನಂತೆ. ಇಂದಿಗೂ ಅವನ ದುಃಖ ತೀರಿಲ್ಲ. ಆದರೆ ಹೊಲಕ್ಕೆ ಹೋಗುತ್ತಾನೆ, ಮನೆಯವರೊಡನೆ ಕುಳಿತು ಪ್ರಸಾದ ಸ್ವೀಕರಿಸುತ್ತಾನೆ. “ಈಗ ಪೂಜೆಗೆ ಕುಳಿತಾಗ ಮಗನೂ ನೆನಪಾಗುತ್ತಾನೆ ಗುರುಗಳೇ, ಎದ್ದು ಓಡಬೇಕೆನಿಸುವುದಿಲ್ಲ” ಎಂದು ಮೊನ್ನೆ ಹೇಳಿದನು.

ಆದುದರಿಂದ ಸದ್ಭಕ್ತರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ರೆ, ಆಹಾರ, ಮಾತುಗಳನ್ನು ತೊರೆದರೆ ಅವರ ಭಕ್ತಿಯನ್ನು ಅಳೆಯಬೇಡಿರಿ. ಮೊದಲು ಹತ್ತಿರ ಕುಳಿತು ಕೇಳಿರಿ, ಬಳಿಕ ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾಯುವ ಮಾತನ್ನಾಡಿದವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿರಿ. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ನಡೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ದಯೆಯೇ ಧರ್ಮದ ಬುಡವೆಂದು ನಂಬಿದ ನಾವು, ನೊಂದ ಮನಸ್ಸಿನ ಮೇಲೆ ಅಭಕ್ತಿಯ ಆರೋಪವನ್ನು ಹೊರಿಸದಿರೋಣ.